ಕಾರ್ಬನ್ ಡೈಆಕ್ಸೈಡಿನ ಚುಕ್ಕಿ ಚಿತ್ರ ಯಾಕೆ ತಪ್ಪುತ್ತದೆ? ಹತ್ತನೇ ಕ್ಲಾಸಿನ ಮಗಳಿಗೆ ಹೇಗೆ ಹೇಳಿಕೊಡಲಿ?

ಮೂರ್ನಾಡಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಇಂಗಾಲದ ಪಾಠದಲ್ಲಿ ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಸೇರುವುದು, ಬರುತ್ತದಲ್ಲ, ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಹೈಡ್ರೋಜನ್, ನೀರು, ಮೀಥೇನ್ ಇವುಗಳ ಎಲೆಕ್ಟ್ರಾನ್ ಚುಕ್ಕಿ ರಚನೆ ಚೆನ್ನಾಗಿಯೇ ಬರೆಯುತ್ತಾಳೆ. ಕಾರ್ಬನ್ ಡೈಆಕ್ಸೈಡ್ ಬಂದ ಕೂಡಲೇ ತಪ್ಪು. ಮೊನ್ನೆ ಪ್ರಿಪರೇಟರಿಯಲ್ಲಿ ಅದಕ್ಕೇ ಎರಡು ಅಂಕ ಹೋಯಿತು.

ಅವಳು ಬರೆದದ್ದು ಹೀಗಿದೆ. ನಡುವೆ ಕಾರ್ಬನ್, ಎಡಕ್ಕೊಂದು ಬಲಕ್ಕೊಂದು ಆಕ್ಸಿಜನ್. ಕಾರ್ಬನ್ನಿಗೂ ಒಂದೊಂದು ಆಕ್ಸಿಜನ್ನಿಗೂ ನಡುವೆ ಒಂದು ಜೋಡಿ ಚುಕ್ಕಿ. ಹೊರಗಡೆ ಎಂಟು ಎಲೆಕ್ಟ್ರಾನ್ ತುಂಬಬೇಕು ಅಂತ ಪಾಠದಲ್ಲಿದೆಯಲ್ಲ, ಅದಕ್ಕೆ ಆಮೇಲೆ ಮೂವರಿಗೂ ಸುತ್ತ ಎಂಟು ಆಗುವವರೆಗೆ ಜೋಡಿ ಜೋಡಿಯಾಗಿ ಚುಕ್ಕಿ ಇಟ್ಟಿದ್ದಾಳೆ. "ಎಲ್ಲರಿಗೂ ಎಂಟು ಬಂತಲ್ಲಮ್ಮ, ಮತ್ತೆ ಯಾಕೆ ತಪ್ಪು?" ಅಂತ ಕೇಳುತ್ತಾಳೆ. ನಾನು ಓದಿದ್ದು ಬಿಎ. ಉತ್ತರ ಗೊತ್ತಾಗಲಿಲ್ಲ.

ಇನ್ನೊಂದು ಪ್ರಶ್ನೆಯೂ ಅವಳದೇ. ನಡುವಿನ ಜೋಡಿಯನ್ನು ಈ ಕಡೆಗೂ ಎಣಿಸುತ್ತೇವೆ, ಆ ಕಡೆಗೂ ಎಣಿಸುತ್ತೇವೆ. ಒಂದೇ ಎಲೆಕ್ಟ್ರಾನನ್ನು ಎರಡು ಸಲ ಲೆಕ್ಕ ಹಾಕಿದ ಹಾಗಾಗಲಿಲ್ವಾ?

ಪಿಯು ಸೈನ್ಸ್, ಗೋಣಿಕೊಪ್ಪ

ಆಂಟಿ, ಅದಕ್ಕೆ ದ್ವಿಬಂಧ ಹಾಕಬೇಕು. ಎರಡೂ ಕಡೆ ಎರಡೆರಡು ಜೋಡಿ. ಆಕ್ಸಿಜನ್ನಿಗೆ ಹೊರಗಡೆ ಎರಡೆರಡು ಜೋಡಿ ಉಳಿಯುತ್ತದೆ. ಪರೀಕ್ಷೆಯಲ್ಲಿ ಬರುವುದು ಏಳೆಂಟು ಚಿತ್ರ ಅಷ್ಟೆ. ನಾನು ಎಲ್ಲವನ್ನೂ ಹತ್ತತ್ತು ಸಲ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ.

ಮೂರ್ನಾಡಿನ ಅಮ್ಮ

ಥ್ಯಾಂಕ್ಸ್ ಮಗ. ದ್ವಿಬಂಧ ಅಂತ ಅವಳಿಗೂ ಈಗ ಗೊತ್ತಾಗಿದೆ, ಪುಸ್ತಕದಲ್ಲಿ ನೋಡಿದಳು. ಆದರೆ ತಾನು ಬರೆದದ್ದು ಯಾಕೆ ಆಗುವುದಿಲ್ಲ ಅನ್ನುವುದು ಅವಳಿಗೆ ಬೇಕು. ಅದು ಗೊತ್ತಾಗದೆ ಮುಂದಿನ ಪುಟ ತಿರುಗಿಸುವುದಿಲ್ಲ ಅಂತ ಕೂತಿದ್ದಾಳೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಅಮ್ಮ, ನಿಮ್ಮ ಮಗಳು ಕೇಳಿದ ಎರಡೂ ಪ್ರಶ್ನೆ ಚಿನ್ನದಂಥವು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಈ ತಪ್ಪನ್ನು ಪ್ರತಿ ವರ್ಷ ಅರ್ಧ ಕ್ಲಾಸು ಮಾಡುತ್ತದೆ. ಯಾಕೆ ತಪ್ಪು ಅಂತ ಕೇಳುವವರು ತುಂಬಾ ಕಡಿಮೆ.

ಮೊದಲು ಅವಳ ಚಿತ್ರದಲ್ಲಿ ಒಟ್ಟು ಎಷ್ಟು ಚುಕ್ಕಿ ಇದೆ ಅಂತ ಅವಳ ಕೈಯಲ್ಲೇ ಎಣಿಸಿಸಿ. ಬಂಧದಲ್ಲಿ 4, ಕಾರ್ಬನ್ನಿನ ಮೇಲೆ ಕೆಳಗೆ 4, ಒಂದೊಂದು ಆಕ್ಸಿಜನ್ ಸುತ್ತ 6. ಒಟ್ಟು 20. ಈಗ ಈ ಮೂವರು ಮನೆಯಿಂದ ತಂದದ್ದೆಷ್ಟು? ಕಾರ್ಬನ್ನಿನ ಹೊರಕವಚದಲ್ಲಿ 4, ಆಕ್ಸಿಜನ್ನಿನ ಹೊರಕವಚದಲ್ಲಿ 6. ನಾಲ್ಕು, ಆರು, ಆರು, ಒಟ್ಟು 16. ಹಾಗಾದರೆ ಉಳಿದ 4 ಎಲ್ಲಿಂದ ಬಂತು? ಪೆನ್ಸಿಲ್ಲಿನಿಂದ ಬಂತು. ಒಂದೊಂದು ಚುಕ್ಕಿಯೂ ಯಾವುದೋ ಒಂದು ಪರಮಾಣು ತಂದ ನಿಜವಾದ ಎಲೆಕ್ಟ್ರಾನ್. ನಮಗೆ ಬೇಕಾಯಿತು ಅಂತ ಒಂದು ಚುಕ್ಕಿಯನ್ನೂ ಸೇರಿಸುವ ಹಾಗಿಲ್ಲ.

ಅದಕ್ಕೇ ನಾನು ಕ್ಲಾಸಿನಲ್ಲಿ ಪೆನ್ಸಿಲ್ ಕೆಳಗಿಡಿಸುತ್ತಿದ್ದೆ. ನಮ್ಮ ಕಡೆ ಮನೆಯಲ್ಲಿ ಕಾಫಿ ಬೀಜವೂ ಇರುತ್ತದೆ, ಒಳ್ಳೆಮೆಣಸೂ ಇರುತ್ತದೆ. ಕಾಫಿ ಬೀಜ 4, ಒಳ್ಳೆಮೆಣಸು 12. ಅಷ್ಟು ಮಾತ್ರ ಎಣಿಸಿ ತೆಗೆದುಕೊಂಡು ಡಬ್ಬ ಮುಚ್ಚಿಬಿಡಿ. ಕಾಫಿ ಬೀಜ ಕಾರ್ಬನ್ನಿನದು, ಮೆಣಸು ಆಕ್ಸಿಜನ್ನಿನದು. ಒಂದು ಊಟದ ತಟ್ಟೆಯಲ್ಲಿ ಸೀಮೆಸುಣ್ಣದಿಂದ ಮೂರು ಅಕ್ಷರ ಬರೆದು ಸುತ್ತ ಇಡಲು ಹೇಳಿ.

ಮೊದಲು ಎರಡೂ ಕಡೆ ಒಂದೊಂದು ಜೋಡಿ ಇಡಲಿ. ಜೋಡಿ ಅಂದರೆ ಒಂದು ಬೀಜ, ಒಂದು ಮೆಣಸು. ಈಗ ಎಣಿಸಲಿ. ಕಾರ್ಬನ್ನಿನ ಹತ್ತಿರ ಸುಮ್ನೆ ಕೂತ ಬೀಜ 2, ಹಂಚಿಕೊಂಡದ್ದು 4, ಒಟ್ಟು 6. ಎರಡು ಕಡಿಮೆ. ಆಕ್ಸಿಜನ್ನಿನ ಹತ್ತಿರ ತನ್ನದೇ 5, ಹಂಚಿಕೊಂಡದ್ದು 2, ಒಟ್ಟು 7. ಒಂದು ಕಡಿಮೆ. ಡಬ್ಬ ಮುಚ್ಚಿದೆ, ಹೊಸದಾಗಿ ತರುವ ಹಾಗಿಲ್ಲ. ಮಗು ತಟ್ಟೆಯನ್ನೇ ನೋಡುತ್ತದೆ. ಕಾರ್ಬನ್ನಿನ ಹತ್ತಿರ ಎರಡು ಬೀಜ ಕೆಲಸವಿಲ್ಲದೆ ಕೂತಿದೆ. ಒಂದೊಂದು ಆಕ್ಸಿಜನ್ನಿನ ಹತ್ತಿರ ಒಂದೊಂದು ಮೆಣಸು ಜೋಡಿಯಿಲ್ಲದೆ ಕೂತಿದೆ. ಬೆರಳಿನಿಂದ ಅವನ್ನೂ ನಡುವೆ ಸರಿಸಿದರೆ ಆಯಿತು. ಕಾರ್ಬನ್ನಿಗೆ 8, ಆಕ್ಸಿಜನ್ನಿಗೆ ತನ್ನ ನಾಲ್ಕು, ನಡುವಿನ ನಾಲ್ಕು, ಒಟ್ಟು 8. ತಟ್ಟೆಯಲ್ಲಿ ಇರುವುದು ಈಗಲೂ 16ರೇ. ದ್ವಿಬಂಧ ಯಾರೂ ಹೇಳಿಕೊಡದೆ ಬಂತು.

ಇನ್ನು ಎರಡು ಸಲ ಎಣಿಸುವ ಪ್ರಶ್ನೆ. ಎರಡು ತೋಟದ ಬೇಲಿಯಲ್ಲಿ ಒಂದು ಹಲಸಿನ ಮರ ಇದೆ ಅಂದುಕೊಳ್ಳಿ. ಆ ಮನೆಯವರನ್ನು ಕೇಳಿದರೆ "ನಮಗೊಂದು ಹಲಸಿನ ಮರ ಇದೆ" ಅನ್ನುತ್ತಾರೆ. ಈ ಮನೆಯವರೂ ಹಾಗೇ ಅನ್ನುತ್ತಾರೆ. ಇಬ್ಬರ ಮಾತೂ ಸರಿ. ಊರಿನ ಮರ ಎಣಿಸಲು ಬಂದವರು ಮಾತ್ರ ಒಂದೇ ಅಂತ ಬರೆದುಕೊಳ್ಳಬೇಕು. ನಾವು ಇಲ್ಲಿ ಎರಡು ಬೇರೆ ಲೆಕ್ಕ ಮಾಡುತ್ತೇವೆ. ಪರಮಾಣುವಿಗೆ ಎಂಟಾಯಿತಾ ಅಂತ ನೋಡುವಾಗ ನಡುವಿನ ಜೋಡಿ ಇಬ್ಬರಿಗೂ ಸೇರುತ್ತದೆ, ಯಾಕೆಂದರೆ ಆ ಜೋಡಿಯನ್ನು ಎರಡೂ ಪರಮಾಣುಗಳ ಬೀಜಕೇಂದ್ರಗಳು ಎಳೆದು ಹಿಡಿದಿರುತ್ತವೆ. ಒಟ್ಟು ಎಷ್ಟಿದೆ ಅಂತ ನೋಡುವಾಗ ಒಂದೇ ಸಲ. ಈ ಎರಡು ಲೆಕ್ಕ ಬೆರೆತು ಹೋದಾಗಲೇ ಮಕ್ಕಳಿಗೆ ಗೊಂದಲ ಆಗುವುದು.

ತೋಟದ ಮನೆ, ಸಿದ್ದಾಪುರ

ಮೇಷ್ಟ್ರೇ, ಓದಿ ಖುಷಿಯಾಯಿತು. ಕಣದಲ್ಲಿ ಕಾಫಿ ಹರಡಿ ಬಂದು ಕೂತು ಓದಿದೆ. ಒಂದು ಹಣ್ಣು ಬಿಡಿಸಿದರೆ ಒಳಗೆ ಎರಡು ಬೀಜ, ಚಪ್ಪಟೆ ಮುಖ ಎದುರುಬದುರು. ಎಲ್ಲೋ ಒಂದೊಂದರಲ್ಲಿ ಒಂದೇ ಗುಂಡು ಬೀಜ, ಪೀಬರಿ. ಜೋಡಿ ಎಲೆಕ್ಟ್ರಾನ್, ಒಂಟಿ ಎಲೆಕ್ಟ್ರಾನ್ ಅನ್ನುವುದನ್ನು ಮಕ್ಕಳಿಗೆ ಹೀಗೂ ತೋರಿಸಬಹುದು ಅಲ್ವಾ?

ನನ್ನದೂ ಒಂದು ಪ್ರಶ್ನೆ. ಯೂರಿಯಾ ಹಾಕುತ್ತೇವೆ, ಬೋರ್ಡೋಗೆ ಮೈಲುತುತ್ತ ಸುಣ್ಣ ಕಲೆಸುತ್ತೇವೆ. ಇವುಗಳಲ್ಲಿ ಯಾವುದು ಸಹವೇಲೆನ್ಸೀಯ, ಯಾವುದು ಅಯಾನಿಕ (ಹಂಚಿಕೊಳ್ಳದೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಂಡದ್ದು)? ಯೂರಿಯಾದ ಚುಕ್ಕಿ ಚಿತ್ರ ಬರೆಯಲು ಬರುತ್ತದಾ?

ಟ್ಯೂಷನ್ ಅಕ್ಕ, ಕುಶಾಲನಗರ

ಬರುತ್ತದೆ ಅಣ್ಣ. ಮೇಷ್ಟ್ರ ತಟ್ಟೆ ಲೆಕ್ಕವನ್ನೇ ನಾನು ಒಂದು ಕಳೆಯುವ ಲೆಕ್ಕ ಮಾಡಿ ಹೇಳಿಕೊಡುತ್ತೇನೆ. ದೊಡ್ಡ ಅಣುಗಳಿಗೆ ಇದು ಬೇಗ ಆಗುತ್ತದೆ. ಮೂರು ಸಾಲು ಬರೆಸುತ್ತೇನೆ: ಬೇಕಾದದ್ದು, ಇರುವುದು, ಹಂಚಿಕೊಳ್ಳಬೇಕಾದದ್ದು. ಹೈಡ್ರೋಜನ್ನಿಗೆ 2 ಸಾಕು, ಉಳಿದವರಿಗೆ 8 ಬೇಕು. ಬೇಕಾದದ್ದರಲ್ಲಿ ಇರುವುದನ್ನು ಕಳೆದರೆ ಹಂಚಿಕೊಳ್ಳಬೇಕಾದ ಎಲೆಕ್ಟ್ರಾನ್ ಸಿಗುತ್ತದೆ. ಅದನ್ನು ಎರಡರಿಂದ ಭಾಗಿಸಿದರೆ ಎಷ್ಟು ಬಂಧ ಅಂತ ಗೊತ್ತಾಗುತ್ತದೆ.

ಕಾರ್ಬನ್ ಡೈಆಕ್ಸೈಡಿಗೆ ಬೇಕು 24, ಇದೆ 16, ಹಂಚಿಕೆ 8, ಬಂಧ 4. ಎರಡು ಕಡೆಗೆ ನಾಲ್ಕು ಬಂಧ ಅಂದರೆ ಎರಡೆರಡು.

ಈಗ ಯೂರಿಯಾ. ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಬೇಕು: 8, 8, 16, 8, ಒಟ್ಟು 40. ಇದೆ: 4, 6, 10, 4, ಒಟ್ಟು 24. ಹಂಚಿಕೆ 16, ಬಂಧ 8. ಕಾರ್ಬನ್ನನ್ನು ನಡುವೆ ಇಟ್ಟು ಎರಡು ನೈಟ್ರೋಜನ್, ಒಂದು ಆಕ್ಸಿಜನ್ ಜೋಡಿಸಿ. ನೈಟ್ರೋಜನ್ನಿಗೆ ಎರಡೆರಡು ಹೈಡ್ರೋಜನ್. ಒಂದೊಂದೇ ಬಂಧ ಹಾಕಿದರೆ 7 ಆಗುತ್ತದೆ. ಉಳಿದ ಒಂದನ್ನು ಕಾರ್ಬನ್ ಮತ್ತು ಆಕ್ಸಿಜನ್ ನಡುವೆ ಹಾಕಿ, ಅಲ್ಲಿ ದ್ವಿಬಂಧ. ಇನ್ನು ಕೈಯಲ್ಲಿ 8 ಎಲೆಕ್ಟ್ರಾನ್ ಇದೆ. ಆಕ್ಸಿಜನ್ ಮೇಲೆ ಎರಡು ಜೋಡಿ, ಒಂದೊಂದು ನೈಟ್ರೋಜನ್ ಮೇಲೆ ಒಂದೊಂದು ಜೋಡಿ. ಮುಗಿಯಿತು.

ಮೈಲುತುತ್ತದಲ್ಲಿ ಎರಡೂ ಇದೆ. ತಾಮ್ರದ ಅಯಾನಿಗೂ ಸಲ್ಫೇಟ್ ಅಯಾನಿಗೂ ನಡುವೆ ಇರುವುದು ಅಯಾನಿಕ ಬಂಧ. ಆ ಸಲ್ಫೇಟಿನ ಒಳಗೆ ಗಂಧಕವೂ ಆಕ್ಸಿಜನ್ನೂ ಸೇರಿಕೊಂಡಿರುವುದು ಸಹವೇಲೆನ್ಸೀಯ ಬಂಧದಿಂದ.

ಅಮ್ಮ, ನಿಮ್ಮ ಮಗಳಿಗೆ ಇನ್ನೊಂದು ಹೇಳಿ. ಪುಸ್ತಕದಲ್ಲಿ ಎಂಟು ಗಂಧಕದ ಪರಮಾಣು ಇರುವ ಅಣುವಿನ ಚಿತ್ರ ಕೇಳುತ್ತಾರೆ. ಸುಮಾರು ಮಕ್ಕಳು ಉದ್ದ ಸಾಲಿನಲ್ಲಿ ಬರೆದು ತುದಿಯಲ್ಲಿ ಏನು ಮಾಡುವುದು ಅಂತ ನಿಂತುಬಿಡುತ್ತಾರೆ. ಲೆಕ್ಕ ಹಾಕಲಿ. ಬೇಕು 64, ಇದೆ 48, ಹಂಚಿಕೆ 16, ಬಂಧ 8. ಎಂಟು ಜನ ಸಾಲಾಗಿ ನಿಂತು ಕೈ ಹಿಡಿದರೆ ಏಳು ಕಡೆ ಕೈ ಸೇರುತ್ತದೆ. ಎಂಟು ಕಡೆ ಸೇರಬೇಕಾದರೆ ಮೊದಲನೆಯವನೂ ಕೊನೆಯವನೂ ಕೈ ಹಿಡಿಯಬೇಕು. ಅಂದರೆ ಉಂಗುರ. ಗಂಧಕದ ಅಣು ನಿಜಕ್ಕೂ ಕಿರೀಟದ ಹಾಗೆ ಮೇಲೆ ಕೆಳಗೆ ಬಾಗಿದ ಉಂಗುರವೇ. ನನಗೆ ಈ ಒಂದು ಲೆಕ್ಕ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ತೋಟದ ಮನೆ, ಸಿದ್ದಾಪುರ

ಅಕ್ಕ, ಯೂರಿಯಾ ಬರೆದು ನೋಡಿದೆ, ಬಂತು! ಚೀಲದ ಮೇಲೆ 46 ಅಂತ ಇರುತ್ತದಲ್ಲ, ಅದು ಈ ಎರಡು ನೈಟ್ರೋಜನ್ನಿನ ಪಾಲಾ?

ಟ್ಯೂಷನ್ ಅಕ್ಕ, ಕುಶಾಲನಗರ

ಹೌದು. ಯೂರಿಯಾದ ಅಣುತೂಕ 60, ಅದರಲ್ಲಿ ನೈಟ್ರೋಜನ್ 28. ಶುದ್ಧ ಯೂರಿಯಾದಲ್ಲಿ ನೂರಕ್ಕೆ 46ಕ್ಕಿಂತ ಸ್ವಲ್ಪ ಜಾಸ್ತಿ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಸಿದ್ದಾಪುರದವರೇ, ನೈಟ್ರೋಜನ್ ಅಣುವನ್ನೂ ಒಂದು ಸಲ ಬರೆಯಿರಿ. ಬೇಕು 16, ಇದೆ 10, ಹಂಚಿಕೆ 6. ಎರಡೇ ಪರಮಾಣು, ನಡುವೆ ಮೂರು ಜೋಡಿ. ಇದು ತ್ರಿಬಂಧ. ಒಂದು ಮೋಲ್, ಅಂದರೆ ಸುಮಾರು 28 ಗ್ರಾಂ, ನೈಟ್ರೋಜನ್ನಿನ ಈ ಬಂಧ ಮುರಿಯಲು ಸುಮಾರು 945 ಕಿಲೋಜೌಲ್ ಬೇಕು. ಆಕ್ಸಿಜನ್ನಿನ ದ್ವಿಬಂಧಕ್ಕೆ ಸುಮಾರು 498 ಸಾಕು. ನಮ್ಮ ತೋಟದ ಮೇಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇದೆ. ಆದರೂ ಕಾಫಿ ಗಿಡಕ್ಕೆ ಅದನ್ನು ನೇರವಾಗಿ ತೆಗೆದುಕೊಳ್ಳಲು ಬರುವುದಿಲ್ಲ, ಈ ಮೂರು ಜೋಡಿ ಅಷ್ಟು ಗಟ್ಟಿ. ಕಾರ್ಖಾನೆಯಲ್ಲಿ ನಾನ್ನೂರು ಐನೂರು ಡಿಗ್ರಿ ಕಾಯಿಸಿ, ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡ ಹಾಕಿ, ಕಬ್ಬಿಣದ ವೇಗವರ್ಧಕ ಇಟ್ಟು ಅಮೋನಿಯ ಮಾಡುತ್ತಾರೆ. ಅದರಿಂದ ಯೂರಿಯಾ. ನಿಮ್ಮ ತೋಟದ ಹಾಲುವಾಣದ ಮರದ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಅದೇ ಮೂರು ಜೋಡಿಯನ್ನು ತಣ್ಣಗಿನ ಮಣ್ಣಿನಲ್ಲಿ, ಯಾವ ಸದ್ದೂ ಇಲ್ಲದೆ ಬಿಡಿಸುತ್ತದೆ. ನೆರಳಿನ ಮರ ನೋಡಿದಾಗಲೆಲ್ಲ ನನಗೆ ಆ ಚುಕ್ಕಿ ಚಿತ್ರವೇ ನೆನಪಾಗುತ್ತದೆ.

ಪಿಯು ಸೈನ್ಸ್, ಗೋಣಿಕೊಪ್ಪ

ಸಾರ್, ಆಂಟಿಗೆ ಬಾಯಿಪಾಠ ಮಾಡಿ ಅಂತ ಹೇಳಿದ್ದಕ್ಕೆ ಸಾರಿ. ನಾನೇ ಒಟ್ಟು ಎಷ್ಟು ಅಂತ ಯಾವತ್ತೂ ಎಣಿಸಿರಲಿಲ್ಲ. ಇವತ್ತು ಕೂತು ಸೈಕ್ಲೋಪೆಂಟೇನ್ ಮಾಡಿದೆ. ಬೇಕು 60, ಇದೆ 30, ಬಂಧ 15. ಹತ್ತು ಹೈಡ್ರೋಜನ್ನಿಗೆ ಹೋಯಿತು, ಉಳಿದ ಐದು ಐದು ಕಾರ್ಬನ್ ನಡುವೆ. ಉಂಗುರ ತಾನಾಗಿ ಬಂತು.

ಎರಡು ಡೌಟು. ನೀರಿನ ಚಿತ್ರವನ್ನು ಕೆಲವರು ನೇರ ಗೆರೆಯಲ್ಲಿ ಬರೆಯುತ್ತಾರೆ, ಕೆಲವರು ಬಾಗಿಸಿ ಬರೆಯುತ್ತಾರೆ. ಯಾವುದು ಸರಿ? ಇನ್ನೊಂದು, ಆಕ್ಸಿಜನ್ ಅಣುವಿನಲ್ಲಿ ಜೋಡಿಯಾಗದ ಎರಡು ಎಲೆಕ್ಟ್ರಾನ್ ಇದೆ ಅಂತ ನಮಗೆ ಕಾಲೇಜಿನಲ್ಲಿ ಹೇಳಿದರು. ಚುಕ್ಕಿ ಚಿತ್ರದಲ್ಲಿ ಎಲ್ಲವೂ ಜೋಡಿಯಾಗಿದೆ. ಹಾಗಾದರೆ ಹತ್ತನೇ ಕ್ಲಾಸಿನಲ್ಲಿ ಕಲಿತದ್ದು ಸುಳ್ಳಾ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಸಾರಿ ಯಾಕಪ್ಪ, ನೀನು ಕೂತು ಉಂಗುರ ಕಂಡುಹಿಡಿದೆಯಲ್ಲ.

ನೀರಿನದು ಮೊದಲು. ಚುಕ್ಕಿ ಚಿತ್ರ ಯಾರ ನಡುವೆ ಎಷ್ಟು ಜೋಡಿ ಅಂತ ಹೇಳುತ್ತದೆ, ಅಷ್ಟೆ. ಆಕಾರ ಹೇಳುವುದಿಲ್ಲ. ಅದಕ್ಕೇ ಹತ್ತನೇ ಕ್ಲಾಸಿನಲ್ಲಿ ನೇರ ಬರೆದರೂ ತಪ್ಪಲ್ಲ. ಆದರೆ ಅದೇ ಚಿತ್ರದಿಂದ ಆಕಾರ ಊಹಿಸಬಹುದು. ಆಕ್ಸಿಜನ್ ಸುತ್ತ ನಾಲ್ಕು ಜೋಡಿ ಇದೆ, ಎರಡು ಬಂಧದ್ದು, ಎರಡು ಸುಮ್ನೆ ಕೂತದ್ದು. ಜೋಡಿಗಳು ಒಂದನ್ನೊಂದು ದೂಡುತ್ತವೆ, ಆದಷ್ಟು ದೂರ ಹೋಗುತ್ತವೆ. ಸುಮ್ನೆ ಕೂತ ಜೋಡಿ ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತದೆ. ಅದಕ್ಕೇ ಮೀಥೇನಿನಲ್ಲಿ ಕೋನ 109.5 ಡಿಗ್ರಿ, ಅಮೋನಿಯದಲ್ಲಿ ಸುಮಾರು 107, ನೀರಿನಲ್ಲಿ 104.5. ಕಾರ್ಬನ್ ಡೈಆಕ್ಸೈಡಿನ ನಡುವಿನ ಕಾರ್ಬನ್ನಿನ ಮೇಲೆ ಸುಮ್ನೆ ಕೂತ ಜೋಡಿಯೇ ಇಲ್ಲ, ಬಂಧ ಇರುವುದೂ ಎರಡೇ ಕಡೆ, ಹಾಗಾಗಿ ಅದು ನೇರ. ಮಕ್ಕಳು ನೀರಿನ ಆಕ್ಸಿಜನ್ ಮೇಲಿನ ಆ ಎರಡು ಜೋಡಿ ಬರೆಯುವುದನ್ನು ಮರೆಯುತ್ತಾರೆ. ಬಂಧದ ಚುಕ್ಕಿ ಸಿಕ್ಕಿದ ಮೇಲೆ ಮುಗಿಯಿತು ಅಂದುಕೊಳ್ಳುತ್ತಾರೆ. ನೀರು ಬಾಗಿರುವುದೇ ಆ ಜೋಡಿಗಳಿಂದ.

ಆಕ್ಸಿಜನ್ನಿನದು ಕಷ್ಟದ ಪ್ರಶ್ನೆ. ಈ ಚುಕ್ಕಿ ಪದ್ಧತಿಯನ್ನು ಕೊಟ್ಟವರು ಅಮೆರಿಕದ ಗಿಲ್ಬರ್ಟ್ ಲೂಯಿಸ್, 1916ರಲ್ಲಿ. ಪರಮಾಣುವನ್ನು ಅವರು ಒಂದು ಘನ ಅಂತ ಊಹಿಸಿಕೊಂಡಿದ್ದರು, ಎಂಟು ಮೂಲೆಗೆ ಎಂಟು ಎಲೆಕ್ಟ್ರಾನ್. ಎರಡು ಘನ ಒಂದು ಅಂಚಿನಲ್ಲಿ ಸೇರಿದರೆ ಎರಡು ಎಲೆಕ್ಟ್ರಾನ್ ಹಂಚಿಕೆಯಾಗುತ್ತದೆ, ಒಂದು ಮುಖದಲ್ಲಿ ಸೇರಿದರೆ ನಾಲ್ಕು. ಆದರೆ ಎರಡು ಘನವನ್ನು ಆರು ಮೂಲೆ ಸೇರುವ ಹಾಗೆ ಜೋಡಿಸಲು ಆಗುವುದಿಲ್ಲ. ನೈಟ್ರೋಜನ್ನಿನ ತ್ರಿಬಂಧ ಅಲ್ಲಿ ಕೂರುವುದಿಲ್ಲ. ಘನ ಹೋಯಿತು, ಜೋಡಿ ಅನ್ನುವ ವಿಚಾರ ಉಳಿಯಿತು. 1919ರಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಇದಕ್ಕೆ ಕೋವೇಲೆನ್ಸ್ ಅಂತ ಹೆಸರಿಟ್ಟರು. ನಮ್ಮ ಸಹವೇಲೆನ್ಸಿ ಅದೇ. ಎರಡು ಎಲೆಕ್ಟ್ರಾನ್ ಹಂಚಿಕೊಂಡರೆ ಯಾಕೆ ಬಂಧ ಆಗುತ್ತದೆ ಅನ್ನುವುದನ್ನು ಹೈಡ್ರೋಜನ್ನಿಗೆ ಲೆಕ್ಕ ಹಾಕಿ ತೋರಿಸಿದವರು ಹೈಟ್ಲರ್ ಮತ್ತು ಲಂಡನ್, 1927ರಲ್ಲಿ.

ಆಕ್ಸಿಜನ್ನನ್ನು ಮೈನಸ್ 183 ಡಿಗ್ರಿಗೆ ತಣ್ಣಗೆ ಮಾಡಿದರೆ ತಿಳಿನೀಲಿ ದ್ರವ ಆಗುತ್ತದೆ. ಗಟ್ಟಿ ಅಯಸ್ಕಾಂತದ ಎರಡು ಧ್ರುವದ ನಡುವೆ ಸುರಿದರೆ ಅದು ಅಲ್ಲೇ ಅಂಟಿ ನಿಲ್ಲುತ್ತದೆ. ಜೋಡಿಯಾಗದ ಎಲೆಕ್ಟ್ರಾನ್ ಇರುವುದಕ್ಕೆ ಅದೇ ಸಾಕ್ಷಿ. ಚುಕ್ಕಿ ಚಿತ್ರಕ್ಕೆ ಇದನ್ನು ಹೇಳಲು ಬರುವುದಿಲ್ಲ. ಎರಡು ಬಂಧ ಅಂತ ಅದು ಹೇಳುವುದು ಸರಿ, ಎಲ್ಲ ಜೋಡಿಯಾಗಿದೆ ಅನ್ನುವುದು ಸರಿಯಲ್ಲ. ನೈಟ್ರಿಕ್ ಆಕ್ಸೈಡಿನಲ್ಲಿ ಒಟ್ಟು 11 ಎಲೆಕ್ಟ್ರಾನ್, ಬೆಸ ಸಂಖ್ಯೆ, ಒಂದು ಉಳಿದೇ ಉಳಿಯುತ್ತದೆ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ನಿಗೆ ಆರೇ ಅಂತ ಬರೆಯುತ್ತೇವೆ. ಕಳೆಯುವ ಲೆಕ್ಕ ಇಂಥ ಕಡೆ ಕೈಕೊಡುತ್ತದೆ. ಒಂದು ಸಾಧನ ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಅದನ್ನು ಸುಳ್ಳು ಅನ್ನಬೇಕಾಗಿಲ್ಲ. ಕಾಫಿ ಕುಯ್ಯಲು ಕತ್ತಿ ಯಾರೂ ಒಯ್ಯುವುದಿಲ್ಲ, ಹಾಗಂತ ಕತ್ತಿ ಬಿಸಾಡುವುದೂ ಇಲ್ಲ.

ಭಾಗಮಂಡಲದ ಟೀಚರ್

ಒಂದು ಮಾತು ಸೇರಿಸುತ್ತೇನೆ. ನಮ್ಮ ಶಾಲೆಯ ಸುಮಾರು ಮಕ್ಕಳ ಮನೆಮಾತು ಅರೆಭಾಷೆ, ಕೊಡವ ತಕ್ಕ್, ತುಳು, ಮಲಯಾಳ. ಅವರಿಗೆ ಪುಸ್ತಕದ ಕನ್ನಡವೇ ಎರಡನೆಯದು. ಮುಂದಿನ ವರ್ಷ ಪಿಯು ಸೈನ್ಸ್ ಅಂದರೆ ಎಲ್ಲವೂ ಇಂಗ್ಲಿಷ್. ಸಹವೇಲೆನ್ಸೀಯ ಅನ್ನುವ ಪದ ಬರೆಯುವುದರಲ್ಲೇ ಸುಸ್ತಾಗುತ್ತಾರೆ. ಅದಕ್ಕೇ ನಾನು ಕೋವೇಲೆಂಟ್, ಲೋನ್ ಪೇರ್ (ಮೇಷ್ಟ್ರು ಹೇಳಿದ ಸುಮ್ನೆ ಕೂತ ಜೋಡಿ), ಡಬಲ್ ಬಾಂಡ್ ಅನ್ನುವುದನ್ನೂ ಕನ್ನಡ ಪದದ ಪಕ್ಕದಲ್ಲೇ ಹೇಳಿಬಿಡುತ್ತೇನೆ. ಚುಕ್ಕಿ ಚಿತ್ರಕ್ಕೆ ಭಾಷೆಯ ಕಾಟ ಇಲ್ಲ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಬೋರ್ಡಿಗೆ ಬಂದು ಎಥೀನ್ ಸರಿಯಾಗಿ ಬರೆದು ಹೋದದ್ದನ್ನು ನೋಡಿದ್ದೇನೆ.

ಇನ್ನೊಂದು, ಪುಸ್ತಕದಲ್ಲಿ ಒಬ್ಬರದಕ್ಕೆ ಚುಕ್ಕಿ, ಇನ್ನೊಬ್ಬರದಕ್ಕೆ ಗುಣಾಕಾರದ ಗುರುತು ಹಾಕುತ್ತಾರೆ. ಎರಡು ಜಾತಿಯ ಎಲೆಕ್ಟ್ರಾನ್ ಇದೆ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಯಾರು ತಂದರು ಅಂತ ನಮಗೆ ನೆನಪಿರಲಿ ಅಂತ ಹಾಕುವ ಗುರುತು ಅದು. ಎಲೆಕ್ಟ್ರಾನ್ ಎಲ್ಲವೂ ಒಂದೇ. ಇದನ್ನು ಬಿಡಿಸಿ ಹೇಳಲೇಬೇಕು.

ಮೂರ್ನಾಡಿನ ಅಮ್ಮ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು ಅಡುಗೆಮನೆಯಲ್ಲೇ ಕೂತೆವು. ಕಣದಿಂದ ಒಂದು ಹಿಡಿ ಕಾಫಿ ಬೀಜ ತಂದು, 4 ಎಣಿಸಿ, ಉಳಿದದ್ದನ್ನು ಅಪ್ಪನ ಜೇಬಿಗೆ ಹಾಕಿದಳು. ಕಾರ್ಬನ್ ಡೈಆಕ್ಸೈಡಿಗೆ ಎರಡು ನಿಮಿಷ ಸಾಕಾಯಿತು. ಎರಡು ಬೀಜ ಒಳಗೆ ಸರಿಸುವಾಗ "ಓ" ಅಂದಳು. ಅಷ್ಟೆ.

ಆಮೇಲೆ ತಾನಾಗಿ ಕಾರ್ಬನ್ ಮಾನಾಕ್ಸೈಡ್ ಮಾಡುತ್ತೇನೆ ಅಂದಳು. ಬೀಜ 4, ಮೆಣಸು 6. ದ್ವಿಬಂಧ ಹಾಕಿದಳು. ಆಕ್ಸಿಜನ್ನಿಗೆ 8 ಬಂತು, ಕಾರ್ಬನ್ನಿಗೆ 6. ಒಂಟಿಯಾಗಿ ಯಾವುದೂ ಉಳಿದಿಲ್ಲ. ತುಂಬಾ ಹೊತ್ತು ನೋಡಿದಳು. ಕೊನೆಗೆ ಆಕ್ಸಿಜನ್ನಿನ ಹತ್ತಿರ ಇದ್ದ ಒಂದು ಜೋಡಿ ಮೆಣಸನ್ನು ಪೂರ್ತಿಯಾಗಿ ನಡುವೆ ದೂಡಿದಳು. ಈಗ ಇಬ್ಬರಿಗೂ 8. ಆದರೆ ಆ ಜೋಡಿಯಲ್ಲಿ ಕಾಫಿ ಬೀಜವೇ ಇಲ್ಲ, ಎರಡೂ ಮೆಣಸು. "ಒಬ್ಬರೇ ಎರಡನ್ನೂ ಕೊಡಬಹುದಾ? ಮೇಷ್ಟ್ರನ್ನು ಕೇಳಮ್ಮ" ಅಂದಿದ್ದಾಳೆ. ಕೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಕೊಡಬಹುದು ಅಂತ ಹೇಳಿ. ಅವಳು ಮಾಡಿದ್ದು ಸರಿಯಾಗಿದೆ. ಕೋಆರ್ಡಿನೇಟ್ ಬಂಧ ಅಂತ ಅದಕ್ಕೆ ಹೆಸರು, ಪಿಯುನಲ್ಲಿ ಬರುತ್ತದೆ. ತಟ್ಟೆಯಲ್ಲಿ ಎಷ್ಟಿದೆ ಎಣಿಸಲಿ, 10. ನೈಟ್ರೋಜನ್ ಅಣುವಿನಲ್ಲಿಯೂ 10, ಅಲ್ಲಿಯೂ ಮೂರು ಜೋಡಿ. ಕಾರ್ಬನ್ನಿನ ಹೊರಗಡೆ ಎರಡು ಬೀಜ ಜೋಡಿಯಾಗಿ ಕೂತಿದೆಯಲ್ಲ, ಆ ಜೋಡಿಯಿಂದಲೇ ಈ ಅನಿಲ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಅಂಟಿಕೊಳ್ಳುವುದು, ಆಕ್ಸಿಜನ್ನಿಗಿಂತ ಎಷ್ಟೋ ಗಟ್ಟಿಯಾಗಿ. ಮಳೆಗಾಲದ ಚಳಿಗೆ ಕೋಣೆಯ ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಬಾರದು ಅನ್ನುವುದು ಇದೇ ಕಾರಣಕ್ಕೆ, ಕೆಂಡದಿಂದ ಈ ಅನಿಲ ಬರುತ್ತದೆ. ಇದನ್ನೂ ಅವಳಿಗೆ ಹೇಳಿ.

ಮೂರ್ನಾಡಿನ ಅಮ್ಮ

ಹೇಳಿದೆ ಮೇಷ್ಟ್ರೇ. ಬೆಳಿಗ್ಗೆ ಆ ತಟ್ಟೆ ತೊಳೆಯಲು ಹೋದರೆ ಬಿಡಲಿಲ್ಲ. ಶಾಲೆಯಿಂದ ಬಂದು ಯೂರಿಯಾ ಮಾಡುತ್ತಾಳಂತೆ. ನೈಟ್ರೋಜನ್ನಿಗೆ ಏನು ಇಡಲಿ ಅಂತ ಕೇಳಿದಳು. ಏಲಕ್ಕಿ ಕಾಳು 10 ಎಣಿಸಿ ಇಟ್ಟಿದ್ದೇನೆ, ಹೈಡ್ರೋಜನ್ನಿಗೆ ಸಾಸಿವೆ 4.